ಮಿತವ್ಯಯದ ವಿರೋಧಾಭಾಸ: ಚಿತ್ರದುರ್ಗ ಸೀಮೆಯ ಬರಗಾಲದ ಹಿನ್ನೆಲೆಯಲ್ಲಿ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಜನಪದರ ಅರ್ಥನೀತಿ. ಒಂದು ಕುಟುಂಬಕ್ಕೆ ಇದು ನಿರ್ವಿವಾದವಾಗಿ ಹಿತಕರ. ಆದರೆ ಒಂದು ಸೀಮೆಯ ಜನರೆಲ್ಲರೂ ಏಕಕಾಲಕ್ಕೆ ಕಾಲು ಮಡಚಿಕೊಂಡರೆ ಹಾಸಿಗೆಯೇ ಕಿರಿದಾಗುತ್ತದೆ. 1936ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಜಾನ್ ಮೇನಾರ್ಡ್ ಕೇನ್ಸ್ ಅವರು ವಿವರಿಸಿದ ಈ ಸ್ಥಿತಿಯನ್ನು ಮಿತವ್ಯಯದ ವಿರೋಧಾಭಾಸವೆಂದು ಕರೆಯಲಾಗುತ್ತದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಬರಗಾಲದಲ್ಲಿ ಇದರ ಅರ್ಥವನ್ನು ಸುಲಭವಾಗಿ ಗ್ರಹಿಸಬಹುದು. ಮಳೆ ಕೈಕೊಟ್ಟ ವರ್ಷ ರೈತನು ಹೊಸ ಬಟ್ಟೆಯನ್ನೂ ಮನೆಯ ದುರಸ್ತಿಯನ್ನೂ ಮುಂದೂಡುತ್ತಾನೆ. ಅವನು ಉಳಿಸಿದ ಹಣವೇ ಜವಳಿ ಅಂಗಡಿಯವನ ಮತ್ತು ಗಾರೆ ಕೆಲಸದವನ ಕೈತಪ್ಪಿದ ಆದಾಯ. ಅವರೂ ಕೈ ಬಿಗಿಹಿಡಿದಾಗ ಸಂತೆಗೆ ತರಕಾರಿ ತಂದ ರೈತನಿಗೇ ಆ ಪೆಟ್ಟು ಮರಳಿ ತಗಲುತ್ತದೆ. ಎಲ್ಲರೂ ಹೆಚ್ಚು ಉಳಿಸಲು ಯತ್ನಿಸಿದರೂ ಆದಾಯವೇ ಕುಗ್ಗುವುದರಿಂದ ಒಟ್ಟು ಉಳಿತಾಯ ಹೆಚ್ಚುವುದಿಲ್ಲ.

ಕೇನ್ಸೋತ್ತರ ಪಂಥದ ಅರ್ಥಶಾಸ್ತ್ರಜ್ಞರು ಈ ತರ್ಕವನ್ನು ಮುಂದುವರಿಸಿದರು. ಪೋಲೆಂಡಿನ ಕಲೆಟ್ಸ್ಕಿಯವರ ಚಿಂತನೆಯಿಂದ ಬೆಳೆದ ‘ವೆಚ್ಚದ ವಿರೋಧಾಭಾಸ’ದ ಪ್ರಕಾರ, ಒಬ್ಬ ಮಾಲೀಕನು ಕೂಲಿ ಇಳಿಸಿದರೆ ಅವನ ಲಾಭ ಹೆಚ್ಚಬಹುದು; ಎಲ್ಲ ಮಾಲೀಕರೂ ಇಳಿಸಿದರೆ ಸರಕು ಕೊಳ್ಳುವವರೇ ಕಡಿಮೆಯಾಗುತ್ತಾರೆ. ‘ಸಾಲದ ವಿರೋಧಾಭಾಸ’ವು ಇನ್ನೂ ಕಠೋರವಾದುದು. ಸಾಲ ತೀರಿಸಲೆಂದು ಒಬ್ಬನು ಎತ್ತುಗಳನ್ನು ಮಾರಿದರೆ ಸಾಲ ತಗ್ಗುತ್ತದೆ. ಊರಿಗೆ ಊರೇ ಜಾನುವಾರುಗಳನ್ನು ಸಂತೆಗೆ ಹೊಡೆದರೆ ಅವುಗಳ ಬೆಲೆ ಕುಸಿಯುತ್ತದೆ. ಸಾಲ ಮಾತ್ರ ಕುಸಿಯುವುದಿಲ್ಲ.

ಈ ತತ್ತ್ವಕ್ಕೆ ಮಿತಿಯೂ ಉಂಟು. ಹೊಳಲ್ಕೆರೆಯ ಅಡಿಕೆ, ಹೊಸದುರ್ಗದ ತೆಂಗಿಗೆ ಹೊರಗಿನ ಪೇಟೆಗಳಿವೆ; ಅವುಗಳ ಬೆಲೆಯನ್ನು ಸ್ಥಳೀಯ ವೆಚ್ಚವೊಂದೇ ನಿರ್ಧರಿಸದು. ಅಲ್ಲದೆ, ಒಣಗಿದ ಬೆಳೆಯನ್ನು ಹಣದ ಚಲಾವಣೆಯಿಂದ ಚಿಗುರಿಸಲಾಗದು. ಬೇಡಿಕೆಯ ಕೊರತೆ ಬೇರೆ, ನೀರಿನ ಕೊರತೆ ಬೇರೆ.

ಆದರೂ ಈ ಸರಪಳಿಯನ್ನು ಕಡಿಯಲು, ಸ್ಥಳೀಯ ಆದಾಯವನ್ನೇ ನೆಚ್ಚಿಕೊಳ್ಳದ ವೆಚ್ಚವೊಂದು ಹೊರಗಿನಿಂದ ಬರಬೇಕಾಗುತ್ತದೆ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ನಿರ್ಮಾಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರವು, ಸರ್ಕಾರದ ವೆಚ್ಚವು ಕೂಲಿಯ ಜೊತೆಗೆ ಶಾಶ್ವತ ಜಲಾಶ್ರಯವನ್ನೂ ಕೊಡಬಲ್ಲದೆಂಬುದಕ್ಕೆ ನಿದರ್ಶನ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು 2006ರ ಫೆಬ್ರವರಿಯಲ್ಲಿ ಮೊದಲು ಜಾರಿಗೊಂಡ 200 ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಸೇರಿತ್ತು. ಅಂತಹ ಕಾಮಗಾರಿಯ ಕೂಲಿಯು ಸಂತೆಯಲ್ಲಿ ಖರ್ಚಾದಾಗ ಮತ್ತೊಬ್ಬರ ಆದಾಯವಾಗುತ್ತದೆ. ಬರಪೀಡಿತ ಕುಟುಂಬವು ಖರ್ಚು ಕಡಿಮೆ ಮಾಡುವುದು ಅನಿವಾರ್ಯ. ಅದೇ ವರ್ಷ ಸರ್ಕಾರವೂ ಖರ್ಚು ಕಡಿತಗೊಳಿಸಿದರೆ, ಅಥವಾ ಕೂಲಿ ಪಾವತಿಯನ್ನು ವಿಳಂಬಿಸಿದರೆ, ಬರದ ಹೊರೆ ಇಮ್ಮಡಿಯಾಗುತ್ತದೆ.