ನಿಮಗಿದು ಗೊತ್ತೆ? ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತು?

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ 2ನೇ ಶತಮಾನದ ಪಪೈರಸ್ ಒಂದರಲ್ಲಿ ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಚಾರಿಟಿಯಾನ್ ಎಂಬ ಗ್ರೀಕ್ ಯುವತಿಯನ್ನು ಸಹೋದರ, ಸಂಗಡಿಗರು ಬಿಡಿಸಿಕೊಂಡು ಹೋಗುವ ಕಥೆ. ಉಪಾಯ? ಇಲ್ಲಿನ ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸುವುದು! ಗ್ರೀಕ್ ನಾಟಕಕಾರ ಯೂರಿಪಿಡೀಸನ ‘ಸೈಕ್ಲಾಪ್ಸ್‌’ನಲ್ಲೂ ಒಕ್ಕಣ್ಣ ರಾಕ್ಷಸ ಮಣಿಯುವುದು ದ್ರಾಕ್ಷಾರಸದ ಅಮಲಿನಲ್ಲೇ.

ಚಾರಿಟಿಯಾನ್ ಪ್ರಹಸನದಲ್ಲಿ ರಾಜನ ಕಡೆಯವರು ಆಡುವ ವಿಚಿತ್ರ ಮಾತುಗಳಲ್ಲಿ ಕನ್ನಡವಿದೆ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಷ್ ವಾದಿಸಿದರು. ಎಲ್ಲರೂ ಒಪ್ಪಿಲ್ಲ, ಆದರೂ ಕನ್ನಡಿಗರು ತಿಳಿದಿರಲೇಬೇಕಾದ ನಾಟಕವಿದು. ಮಂಜೇಶ್ವರದ ಗೋವಿಂದ ಪೈಗಳೂ ಆ ಮಾತುಗಳನ್ನು ಬಿಡಿಸಿ ನೋಡಿದವರೇ.