ಗಂಟು ಕಾಣದ ಕತ್ತಿಗೂ ಕತ್ತರಿ ಬೇಕೆ?

ಹುಣ್ಣಾಗಿರುವುದು ನಾಲಿಗೆಯಲ್ಲಿ, ಕತ್ತನ್ನು ಏಕೆ ಕೊಯ್ಯಬೇಕು? ಬಾಯಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಪತ್ರವನ್ನು ಮುಂದಿಟ್ಟಾಗ ರೋಗಿಯ ಮನೆಯವರು ಕೇಳುವ ಸಹಜ ಪ್ರಶ್ನೆ ಇದು. ಕತ್ತಿನಲ್ಲಿ ಗಂಟಿಲ್ಲ, ಊತವಿಲ್ಲ, ನೋವಿಲ್ಲ. ಆದರೂ ದವಡೆಯ ಕೆಳಗೆ ಉದ್ದಕ್ಕೆ ಕೊಯ್ದು ಗ್ರಂಥಿಗಳನ್ನು ತೆಗೆಯುತ್ತೇವೆ ಎಂದರೆ ಯಾರಿಗಾದರೂ ಅನುಮಾನ ಬಾರದೆ ಇರದು. ಕುತೂಹಲದ ಸಂಗತಿಯೆಂದರೆ, ಇದೇ ಪ್ರಶ್ನೆಯನ್ನು ಜಗತ್ತಿನ ಶಸ್ತ್ರವೈದ್ಯರೂ ದಶಕಗಟ್ಟಲೆ ಪರಸ್ಪರ ಕೇಳಿಕೊಂಡರು, ವಾದಿಸಿದರು, ಎರಡು ಪಂಗಡವಾದರು. ಎಲ್ಲರೂ ಕಿವಿಗೊಡುವಂಥ ಉತ್ತರ ದೊರೆತದ್ದು 2015ರಲ್ಲಿ. ಅದು ಬಂದದ್ದು ಲಂಡನ್ನಿನಿಂದಲೂ ಅಲ್ಲ, ನ್ಯೂಯಾರ್ಕಿನಿಂದಲೂ ಅಲ್ಲ. ಮುಂಬಯಿಯ ಪರೇಲಿನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆಯಿಂದ.

ವಾದದ ಮೂಲ ನಮ್ಮ ಶರೀರ ರಚನೆಯಲ್ಲೇ ಇದೆ. ದವಡೆಯ ಕೆಳಗಿನಿಂದ ಹೆಗಲಿನ ಬುಡದವರೆಗೆ ಕತ್ತಿನ ಎರಡೂ ಬದಿಗಳಲ್ಲಿ ಕಾಳಿನ ಗಾತ್ರದ ದುಗ್ಧಗ್ರಂಥಿಗಳು ಸಾಲುಗಟ್ಟಿವೆ. ಹಲ್ಲು ಕೀವಾದಾಗ, ಗಂಟಲು ಕೆಟ್ಟಾಗ ಊದಿಕೊಂಡು ನೋಯುವುದು ಇವೇ. ಬಾಯಿಯ ಕಡೆಯಿಂದ ಹರಿದುಬರುವ ದುಗ್ಧರಸವನ್ನು ಸೋಸುವುದು ಇವುಗಳ ಕೆಲಸ. ನಾಲಿಗೆಯಲ್ಲೋ ಕೆನ್ನೆಯ ಒಳಮೈಯಲ್ಲೋ ಹುಟ್ಟಿದ ಕ್ಯಾನ್ಸರ್ ಊರು ಬಿಟ್ಟು ಹೊರಟಾಗ ಮೊದಲು ತಂಗುವ ಛತ್ರವೂ ಇದೇ. ಗ್ರಂಥಿ ಗಟ್ಟಿಯಾಗಿ ಕೈಗೆ ಸಿಕ್ಕಿದರೆ ವಾದವೇ ಇಲ್ಲ, ತೆಗೆಯಲೇಬೇಕು. ತೊಡಕಿರುವುದು ಏನೂ ಸಿಗದಿದ್ದಾಗ. ಏಕೆಂದರೆ ಸೂಕ್ಷ್ಮದರ್ಶಕಕ್ಕಷ್ಟೇ ಕಾಣುವ ರೋಗ ಬೆರಳಿಗೆ ಸಿಗುವುದಿಲ್ಲ, ಸ್ಕ್ಯಾನಿಗೂ ಎಷ್ಟೋ ಸಲ ಸಿಗುವುದಿಲ್ಲ.

ಕ್ರೈಲ್ ತೋರಿಸಿದ ದಾರಿ

ಕತ್ತಿನ ಗ್ರಂಥಿಗಳನ್ನು ಒಟ್ಟಾಗಿ ತೆಗೆಯುವ ಕ್ರಮವನ್ನು ವ್ಯವಸ್ಥಿತವಾಗಿ ಬರೆದಿಟ್ಟವರು ಅಮೆರಿಕದ ಜಾರ್ಜ್ ಕ್ರೈಲ್. 1906ರಲ್ಲಿ ಅವರು 132 ಶಸ್ತ್ರಚಿಕಿತ್ಸೆಗಳ ವರದಿಯನ್ನು ಪ್ರಕಟಿಸಿದರು. ಅವರ ಹೆಸರಿನಲ್ಲಿ ನೆಲೆನಿಂತ ಶಸ್ತ್ರಚಿಕಿತ್ಸೆ ಅತ್ಯಂತ ಉಗ್ರವಾದದ್ದು. ಗ್ರಂಥಿಗಳ ಜೊತೆಗೆ ಕತ್ತಿನ ದೊಡ್ಡ ಸ್ನಾಯು, ಮುಖ್ಯ ಅಭಿಧಮನಿ, ಹೆಗಲನ್ನೆತ್ತುವ ನರ ಎಲ್ಲವೂ ಹೋಗುತ್ತಿದ್ದವು. ರೋಗಿ ಬದುಕಿದರೂ ಹೆಗಲು ಜೋತುಬೀಳುತ್ತಿತ್ತು. ತಲೆ ಬಾಚಿಕೊಳ್ಳುವುದು, ಅಟ್ಟದಿಂದ ಪಾತ್ರೆ ಇಳಿಸುವುದು ಕಷ್ಟವಾಗುತ್ತಿತ್ತು. 1960ರ ದಶಕದಲ್ಲಿ ಅರ್ಜೆಂಟೀನಾದ ಓಸ್ವಾಲ್ಡೋ ಸುವಾರೆಸ್ ಎಂಬ ವೈದ್ಯರು ನರ, ಸ್ನಾಯುಗಳನ್ನು ಉಳಿಸಿಕೊಂಡೇ ಗ್ರಂಥಿಗಳನ್ನು ಬಿಡಿಸಬಹುದೆಂದು ತೋರಿಸಿದ ಮೇಲೆ ಕತ್ತರಿ ಸ್ವಲ್ಪ ಸೌಮ್ಯವಾಯಿತು. ಆದರೂ ಗಾಯ ಗಾಯವೇ, ಹೆಗಲಿನ ನೋವು ಪೂರ್ತಿ ತಪ್ಪುವುದಿಲ್ಲ.

ಆದ್ದರಿಂದ ಒಂದು ಪಂಗಡದವರ ವಾದ ಹೀಗಿತ್ತು: ಗಂಟಿಲ್ಲದ ಹತ್ತು ಮಂದಿಯಲ್ಲಿ ಅಡಗಿದ ರೋಗವಿರುವುದು ಇಬ್ಬರಿಗೋ ಮೂವರಿಗೋ. ಉಳಿದವರನ್ನು ವೃಥಾ ಏಕೆ ಕೊಯ್ಯಬೇಕು? ಬಾಯಿಯ ಗಡ್ಡೆಯನ್ನು ಮಾತ್ರ ತೆಗೆದು ಕತ್ತಿನ ಮೇಲೆ ಕಣ್ಣಿಟ್ಟಿದ್ದರೆ ಸಾಕು, ಗಂಟು ಬಂದಾಗ ನೋಡಿಕೊಳ್ಳೋಣ. ಇನ್ನೊಂದು ಪಂಗಡ, ಗಂಟು ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ ಎಂದಿತು. ಎರಡೂ ಕೇಳಲು ಸರಿಯೆನಿಸುವ ವಾದಗಳೇ. ಇವನ್ನು ಒರೆಗೆ ಹಚ್ಚಲು 1980ರಿಂದ 2009ರ ನಡುವೆ ಫ್ರಾನ್ಸ್, ಭಾರತ, ಬ್ರೆಜಿಲ್, ಹಾಂಗ್‌ಕಾಂಗ್‌ಗಳಲ್ಲಿ ಒಂದೊಂದು ಪ್ರಯೋಗದ ವರದಿ ಬಂತು. ಯಾವುದರಲ್ಲೂ ಎಂಬತ್ತು ರೋಗಿಗಳಿರಲಿಲ್ಲ. ಒಂದು ಹೌದೆಂದರೆ ಇನ್ನೊಂದು ವ್ಯತ್ಯಾಸವಿಲ್ಲ ಎಂದಿತು. ಹೀಗಾಗಿ ರೋಗಿಯ ಕತ್ತಿನ ಗತಿ ಅವನು ಯಾವ ವೈದ್ಯರ ಬಾಗಿಲಿಗೆ ಹೋದ ಎಂಬುದನ್ನು ಅವಲಂಬಿಸಿತ್ತು.

ಬಿಜಾಪುರದಿಂದ ಹೊರಟ ಹೊಗೆ

ಸಾವಿರಾರು ಮೈಲಿ ದೂರದ ಶ್ರೀಮಂತ ದೇಶಗಳು ಇದನ್ನು ಇತ್ಯರ್ಥ ಮಾಡಲಿಲ್ಲವೇಕೆ? ಕಾರಣ ಸರಳ. ಅಲ್ಲಿ ಬಾಯಿ ಕ್ಯಾನ್ಸರ್ ನಮ್ಮಲ್ಲಿನಷ್ಟು ಇಲ್ಲ. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಜಗತ್ತಿನಲ್ಲಿ ಆ ವರ್ಷ ಪತ್ತೆಯಾದ ತುಟಿ ಮತ್ತು ಬಾಯಿಯ ಕ್ಯಾನ್ಸರುಗಳು ಸುಮಾರು 3.9 ಲಕ್ಷ. ಅದರಲ್ಲಿ ಭಾರತದ್ದೇ 1.4 ಲಕ್ಷಕ್ಕೂ ಹೆಚ್ಚು. ಮೂರರಲ್ಲಿ ಒಂದು ಪಾಲಿಗಿಂತ ಅಧಿಕ!

ಇದರ ಬೇರನ್ನು ಹುಡುಕಿದರೆ ಕರ್ನಾಟಕದ ನೆಲವೂ ಸಿಗುತ್ತದೆ. ಅಕ್ಬರನ ಪ್ರತಿನಿಧಿಯಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್, 1604ರ ಸುಮಾರಿಗೆ ಇಲ್ಲಿಂದ ಹೊಗೆಸೊಪ್ಪನ್ನೂ ಅಲಂಕೃತ ಹುಕ್ಕಾವನ್ನೂ ಕೊಂಡೊಯ್ದು ಚಕ್ರವರ್ತಿಗೆ ಒಪ್ಪಿಸಿದ. ತಾನು ಹಿಂದೆಂದೂ ಅಂಥದ್ದನ್ನು ಕಂಡಿರಲಿಲ್ಲವೆಂದು ಅವನೇ ಬರೆದಿದ್ದಾನೆ. ಆಸ್ಥಾನದ ಹಕೀಮನೊಬ್ಬ ಇದನ್ನು ವಿರೋಧಿಸಿ, ನಮ್ಮ ಪಂಡಿತರು ಪರೀಕ್ಷಿಸದ ವಸ್ತುವನ್ನು ಪರಂಗಿಯವರನ್ನು ನೋಡಿ ಸ್ವೀಕರಿಸಬಾರದೆಂದು ವಾದಿಸಿದನಂತೆ. ಲೋಕದ ಪ್ರತಿಯೊಂದು ರೂಢಿಯೂ ಒಂದು ಕಾಲಕ್ಕೆ ಹೊಸದೇ ಅಲ್ಲವೇ ಎಂದು ಅಸದ್ ಬೇಗ್ ಮರುವಾದ ಹೂಡಿದ. ಗೆದ್ದದ್ದು ಅಸದ್ ಬೇಗ್. ಮೊದಲು ಪರೀಕ್ಷೆಯಾಗಲಿ ಎಂದ ಆ ಹಕೀಮನನ್ನು ಇಂದಿನ ಕ್ಯಾನ್ಸರ್ ವೈದ್ಯರು ನೆನೆಯಬೇಕು.

ಮುಂದೆ ಹೊಗೆಸೊಪ್ಪು ನಮ್ಮ ಎಲೆಅಡಿಕೆಯ ತಟ್ಟೆಯೊಳಗೂ ಸೇರಿತು. ತಾಂಬೂಲ ಜಗಿಯುವವರಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚೆಂಬುದನ್ನು ದಕ್ಷಿಣ ತಿರುವಾಂಕೂರಿನ ನೆಯ್ಯೂರು ಮಿಷನ್ ಆಸ್ಪತ್ರೆಯ ಡಾ. ಓರ್ 1933ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವಿವರಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ, ಹೊಗೆಸೊಪ್ಪಿಲ್ಲದ ಎಲೆಅಡಿಕೆಯನ್ನೂ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಇದು ಮಲೆನಾಡಿನ ಓದುಗರಿಗೆ ರುಚಿಸುವ ಮಾತಲ್ಲ. ಆದರೆ ಪರೇಲಿನ ಆಸ್ಪತ್ರೆಯ ಹೊರರೋಗಿ ವಿಭಾಗ ಏಕೆ ತುಂಬಿ ತುಳುಕುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಹುಡುಕಬೇಕಿಲ್ಲ.

ಚೀಟಿ ಎತ್ತಿದ ಹಾಗೆ

2004ರಲ್ಲಿ ಟಾಟಾ ಆಸ್ಪತ್ರೆಯ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು ಪ್ರಯೋಗವನ್ನು ಆರಂಭಿಸಿದರು. ಬಾಯಿಯ ಗಡ್ಡೆ ನಾಲ್ಕು ಸೆಂಟಿಮೀಟರಿಗಿಂತ ದೊಡ್ಡದಲ್ಲದ, ಕತ್ತಿನಲ್ಲಿ ಗಂಟು ಸಿಗದ ರೋಗಿಗಳಷ್ಟೇ ಇದಕ್ಕೆ ಅರ್ಹರು. ಒಂದು ಗುಂಪಿಗೆ ಗಡ್ಡೆಯ ಜೊತೆಗೇ ಕತ್ತಿನ ಗ್ರಂಥಿಗಳನ್ನೂ ತೆಗೆಯುವುದು. ಇನ್ನೊಂದು ಗುಂಪಿಗೆ ಗಡ್ಡೆಯನ್ನಷ್ಟೇ ತೆಗೆದು, ಪದೇ ಪದೇ ಕರೆಸಿ ನೋಡುತ್ತಿದ್ದು, ಗಂಟು ಕಾಣಿಸಿಕೊಂಡರೆ ಆಗ ಕತ್ತಿನ ಶಸ್ತ್ರಚಿಕಿತ್ಸೆ ಮಾಡುವುದು.

ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರೂ ನಿರ್ಧರಿಸುವಂತಿಲ್ಲ, ರೋಗಿಯೂ ನಿರ್ಧರಿಸುವಂತಿಲ್ಲ. ಅದು ಚೀಟಿ ಎತ್ತಿದ ಹಾಗೆ. ಕೇಳಿದವರಿಗೆ ಇದು ಕ್ರೂರವೆನಿಸಬಹುದು. ಜೀವದ ಪ್ರಶ್ನೆಯನ್ನು ಲಾಟರಿಗೆ ಬಿಡುವುದೇ? ಆದರೆ ಸ್ವಲ್ಪ ಯೋಚಿಸಿ. ಆಯ್ಕೆಯನ್ನು ವೈದ್ಯರಿಗೇ ಬಿಟ್ಟರೆ ಗಟ್ಟಿಮುಟ್ಟಾದವರು ಒಂದು ಗುಂಪಿಗೆ, ವಯಸ್ಸಾದವರು, ಸೊರಗಿದವರು ಇನ್ನೊಂದು ಗುಂಪಿಗೆ ತಮಗರಿವಿಲ್ಲದೆ ಸೇರಿಬಿಡುತ್ತಾರೆ. ಆಗ ಗೆದ್ದದ್ದು ಚಿಕಿತ್ಸೆಯೋ ರೋಗಿಯ ಮೈಕಟ್ಟೋ ತಿಳಿಯುವುದು ಹೇಗೆ? ಯಾವ ಕ್ರಮ ಮೇಲೆಂದು ವೈದ್ಯಲೋಕಕ್ಕೆ ನಿಜವಾಗಿಯೂ ಗೊತ್ತಿಲ್ಲದಿರುವಾಗ ಮಾತ್ರ, ಅದನ್ನು ರೋಗಿಗೆ ತಿಳಿಯಹೇಳಿ ಒಪ್ಪಿಗೆ ಪಡೆದ ಮೇಲೆ ಮಾತ್ರ ಈ ಚೀಟಿ ನ್ಯಾಯವಾಗುತ್ತದೆ. ಅಷ್ಟಕ್ಕೂ ಪ್ರಯೋಗದ ಹೊರಗಿದ್ದ ರೋಗಿಗೆ ಸಿಗುತ್ತಿದ್ದದ್ದೂ ಒಂದು ಬಗೆಯ ಲಾಟರಿಯೇ. ಅದನ್ನು ಯಾರೂ ಲೆಕ್ಕ ಇಡುತ್ತಿರಲಿಲ್ಲ, ಅಷ್ಟೇ.

ಲೆಕ್ಕ ಇಡುವುದು ಸುಲಭದ ಕೆಲಸವಲ್ಲ. ದೇಶದ ಮೂಲೆ ಮೂಲೆಯಿಂದ ರೈಲು ಹತ್ತಿ ಬರುವ ರೋಗಿಗಳು ಇಲ್ಲಿಯವರು. ಗಾಯ ಮಾಗಿ ಊರಿಗೆ ಹೋದವರನ್ನು, ಮೈ ಚೆನ್ನಾಗಿರುವಾಗಲೂ, ಮತ್ತೆ ಮತ್ತೆ ಮುಂಬಯಿಗೆ ಕರೆಸಿ ಕತ್ತು ಮುಟ್ಟಿ ನೋಡಬೇಕು. ಟಿಕೆಟ್ಟಿನ ಖರ್ಚು, ಕೂಲಿಯ ನಷ್ಟ, ಜೊತೆಗೆ ಬರುವವರ ಊಟ ವಸತಿ ಇವೆಲ್ಲ ಪ್ರಬಂಧಗಳ ಕೋಷ್ಟಕದಲ್ಲಿ ಕಾಣುವುದಿಲ್ಲ.

710 ಮಂದಿಯನ್ನು ಸೇರಿಸಿಕೊಳ್ಳುವ ಉದ್ದೇಶವಿತ್ತು. ಹತ್ತು ವರ್ಷಗಳಲ್ಲಿ 596 ಮಂದಿ ಸೇರಿದ್ದರು. ಇಂಥ ಪ್ರಯೋಗಗಳ ಅಂಕಿಗಳನ್ನು ಆಗಾಗ ಪರಿಶೀಲಿಸಲು ಪ್ರತ್ಯೇಕ ಸಮಿತಿಯೊಂದು ಇರುತ್ತದೆ. 2014ರಲ್ಲಿ ಸಮಿತಿ ಅಂಕಿಗಳನ್ನು ತೆರೆದು ನೋಡಿ, ಇನ್ನು ಹೊಸಬರನ್ನು ಸೇರಿಸುವುದು ಬೇಡ ಎಂದಿತು. ಉತ್ತರ ಸ್ಪಷ್ಟವಾಗಿತ್ತು.

ಮೊದಲ 500 ರೋಗಿಗಳ ಫಲಿತಾಂಶ 2015ರಲ್ಲಿ ಷಿಕಾಗೋದ ಕ್ಯಾನ್ಸರ್ ವೈದ್ಯರ ಮಹಾಸಭೆಯಲ್ಲಿ ಮಂಡಿತವಾಯಿತು, ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಅಚ್ಚಾಯಿತು. ಮೊದಲೇ ಕತ್ತಿನ ಗ್ರಂಥಿ ತೆಗೆಸಿಕೊಂಡ 245 ಮಂದಿಯಲ್ಲಿ ಮೂರು ವರ್ಷದ ನಂತರ ಬದುಕಿದ್ದವರ ಪ್ರಮಾಣ ಶೇ. 80. ಕಾದು ನೋಡಿದ 255 ಮಂದಿಯಲ್ಲಿ ಶೇ. 67.5. ಮೊದಲ ಗುಂಪಿನಲ್ಲಿ ರೋಗ ಮರುಕಳಿಸಿದ್ದು 81 ಮಂದಿಗೆ, ಎರಡನೆಯದರಲ್ಲಿ 146 ಮಂದಿಗೆ. ಬೇರೆ ಮಾತಿನಲ್ಲಿ, ಎಂಟು ಮಂದಿಗೆ ಮೊದಲೇ ಕತ್ತಿನ ಶಸ್ತ್ರಚಿಕಿತ್ಸೆ ಮಾಡಿದರೆ ಒಂದು ಜೀವ ಹೆಚ್ಚಾಗಿ ಉಳಿಯುತ್ತದೆ. ಶಸ್ತ್ರಚಿಕಿತ್ಸೆಯ ತೊಂದರೆಗಳು ಮೊದಲ ಗುಂಪಿನಲ್ಲಿ ಹೆಚ್ಚೇ ಇದ್ದವು: ಶೇ. 6.6, ಇನ್ನೊಂದರಲ್ಲಿ ಶೇ. 3.6.

ಕಾಯುವ ಕ್ರಮ ಸೋತದ್ದೇಕೆ? ಅಷ್ಟು ಶ್ರದ್ಧೆಯಿಂದ ಕರೆಸಿ ನೋಡುತ್ತಿದ್ದರೂ, ಗಂಟು ಕೈಗೆ ಸಿಕ್ಕ ಹೊತ್ತಿಗೆ ಅನೇಕರಲ್ಲಿ ರೋಗ ಗ್ರಂಥಿಯ ಸಿಪ್ಪೆಯನ್ನು ಒಡೆದು ಹೊರಬಂದಿತ್ತು. ದೊಡ್ಡಾಸ್ಪತ್ರೆಯ ನಿಗಾದಲ್ಲೇ ಹೀಗಾದರೆ, ಆರು ತಿಂಗಳಾದರೂ ಮತ್ತೆ ತೋರಿಸಲು ಬಾರದ ಹಳ್ಳಿಯ ರೋಗಿಯ ಪಾಡು ಊಹಿಸಬಹುದು. ಆ ಇನ್ನೂರೈವತ್ತೈದು ಮಂದಿ ಕಾದದ್ದರಿಂದಲೇ ಈ ಸಂಗತಿ ತಿಳಿದದ್ದು ಎಂಬುದನ್ನು ಅಂಕಿಗಳ ಭರಾಟೆಯಲ್ಲಿ ಮರೆಯಬಾರದೆಂದು ನನಗನ್ನಿಸುತ್ತದೆ. 2019ರಲ್ಲಿ ಬ್ರಿಟನ್ನಿನ ಪ್ರಯೋಗವೊಂದೂ ಇದೇ ತೀರ್ಮಾನಕ್ಕೆ ಬಂತು.

ಹಾಗಾದರೆ ಅಡಗಿದ ರೋಗವಿಲ್ಲದ ಆ ಏಳೆಂಟು ಮಂದಿಯ ಕತ್ತನ್ನು ಉಳಿಸಲಾಗದೆ? ಇದಕ್ಕೆ ಈಗ ಒಂದು ಉಪಾಯವಿದೆ. ಗಡ್ಡೆಯ ಸುತ್ತ ಸ್ವಲ್ಪ ವಿಕಿರಣಶೀಲ ದ್ರವವನ್ನು ಚುಚ್ಚಿ, ಅದು ಮೊದಲು ಯಾವ ಗ್ರಂಥಿಗೆ ಹೋಗಿ ನಿಲ್ಲುತ್ತದೆಂದು ಉಪಕರಣದಿಂದ ಪತ್ತೆಹಚ್ಚಿ, ಅದನ್ನಷ್ಟೇ ತೆಗೆದು ಪರೀಕ್ಷಿಸುವುದು. ಅದರಲ್ಲಿ ರೋಗವಿಲ್ಲದಿದ್ದರೆ ಕತ್ತನ್ನು ಅಲ್ಲಿಗೇ ಬಿಡುವುದು. 2020 ಮತ್ತು 2021ರಲ್ಲಿ ಪ್ರಕಟವಾದ ಫ್ರಾನ್ಸ್, ಜಪಾನಿನ ಪ್ರಯೋಗಗಳಲ್ಲಿ ಈ ಕ್ರಮ ಪೂರ್ಣ ಶಸ್ತ್ರಚಿಕಿತ್ಸೆಗೆ ಕಡಿಮೆಯಿಲ್ಲವೆಂದು ಕಂಡಿತು. ಆದರೆ ಇದಕ್ಕೆ ಉಪಕರಣ ಬೇಕು, ಗ್ರಂಥಿಯನ್ನು ತೆಳ್ಳಗೆ ಸೀಳಿ ನೋಡುವ ನುರಿತ ರೋಗಶಾಸ್ತ್ರಜ್ಞರು ಬೇಕು. ಅವೆರಡೂ ಇಲ್ಲದ ಕಡೆ ಹಳೆಯ ಕ್ರಮವೇ ಕ್ಷೇಮ.

ತಡವಾಗಿ ಬಂದವರಿಗೆ

ಇಷ್ಟೆಲ್ಲ ಆರಂಭದ ಹಂತದಲ್ಲಿ ಬಂದವರ ಮಾತು. ನಮ್ಮಲ್ಲಿ ಅನೇಕರು ಬರುವುದು ಶಸ್ತ್ರಚಿಕಿತ್ಸೆಯ ಕಾಲ ದಾಟಿದ ಮೇಲೆ, ಇಲ್ಲವೇ ರೋಗ ಮರುಕಳಿಸಿದ ಮೇಲೆ. ಅವರಿಗಾಗಿ ಅದೇ ಆಸ್ಪತ್ರೆಯ ಔಷಧ ವಿಭಾಗದ ವೈದ್ಯರು ಬೇರೊಂದು ಬಗೆಯ ಪ್ರಶ್ನೆ ಕೇಳಿದರು: ಕೈಗೆಟಕುವ ಔಷಧದಿಂದ ಎಷ್ಟು ಸಾಧ್ಯ? 422 ರೋಗಿಗಳ ಪ್ರಯೋಗವೊಂದರಲ್ಲಿ ಹನಿಹನಿಯಾಗಿ ರಕ್ತನಾಳಕ್ಕೆ ಕೊಡುವ ಸಿಸ್‌ಪ್ಲಾಟಿನ್‌ಗಿಂತ, ಮನೆಯಲ್ಲೇ ನುಂಗುವ ಎರಡು ಹಳೆಯ ಮಾತ್ರೆಗಳು (ಮೆಥೊಟ್ರೆಕ್ಸೇಟ್ ಮತ್ತು ಸೆಲೆಕಾಕ್ಸಿಬ್) ತುಸು ಮೇಲೆನಿಸಿದವು. ಬದುಕಿನ ಮಧ್ಯಮಾವಧಿ 6.1 ತಿಂಗಳಿಂದ 7.5 ತಿಂಗಳಿಗೆ ಏರಿತು. 2020ರಲ್ಲಿ ಇದು ಪ್ರಕಟವಾಯಿತು. ಒಂದೂವರೆ ತಿಂಗಳೇ ಎಂದು ಮೂಗು ಮುರಿಯುವವರು, ಆ ದಿನಗಳು ಆಸ್ಪತ್ರೆಯ ಮಂಚದ ಬದಲು ಮನೆಯಲ್ಲಿ ಕಳೆದವು ಎಂಬುದನ್ನೂ ಗಮನಿಸಬೇಕು.

ಇನ್ನೂ ದಿಟ್ಟವಾದದ್ದು 2022ರ ಕೊನೆಯಲ್ಲಿ ಬಂದ ಪ್ರಯೋಗ. ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ಮೇಲೆ ಛೂ ಬಿಡುವ ನಿವೊಲುಮಾಬ್ ಎಂಬ ಔಷಧದ ರೂಢಿಯ ಪ್ರಮಾಣ ಎರಡು ವಾರಕ್ಕೆ 240 ಮಿಲಿಗ್ರಾಂ. ನಮ್ಮ ಬಹುಪಾಲು ರೋಗಿಗಳಿಗೆ ಅದರ ಬೆಲೆ ಕೇಳುವುದೂ ಕಷ್ಟ. ಮುಂಬಯಿಯ ವೈದ್ಯರು ಮೂರು ವಾರಕ್ಕೆ ಕೇವಲ 20 ಮಿಲಿಗ್ರಾಂ ಕೊಟ್ಟರು. ಅಂದರೆ ಹದಿನೆಂಟನೇ ಒಂದು ಭಾಗ. 151 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಮಾತ್ರೆಗಳ ಜೊತೆ ಈ ಸಣ್ಣ ಪ್ರಮಾಣ, ಉಳಿದವರಿಗೆ ಮಾತ್ರೆಗಳಷ್ಟೇ. ಒಂದು ವರ್ಷದ ನಂತರ ಬದುಕಿದ್ದವರು ಮಾತ್ರೆಯ ಗುಂಪಿನಲ್ಲಿ ಶೇ. 16.3, ಔಷಧ ಸೇರಿದ ಗುಂಪಿನಲ್ಲಿ ಶೇ. 43.4. ಸಣ್ಣ ಪ್ರಮಾಣವು ಪೂರ್ಣ ಪ್ರಮಾಣಕ್ಕೆ ಸಮವೇ ಎಂಬುದನ್ನು ಈ ಪ್ರಯೋಗ ಹೇಳುವುದಿಲ್ಲ. ಪೂರ್ಣ ಪ್ರಮಾಣ ಪಡೆದ ಗುಂಪೇ ಅದರಲ್ಲಿರಲಿಲ್ಲ. ಅದು ತೋರಿಸಿದ್ದು ಇಷ್ಟು: ಪೂರ್ಣ ಪ್ರಮಾಣವನ್ನು ಕೊಳ್ಳಲಾಗದವನಿಗೆ ಹದಿನೆಂಟನೇ ಒಂದು ಭಾಗ ಕೊಟ್ಟರೂ ವ್ಯರ್ಥವಲ್ಲ.