ಹುಲ್ಲುಪೆಂಡಿ ಯಂತ್ರದ ಚಾಲಕದಂಡ ಮತ್ತೆ ಮತ್ತೆ ಸವೆಯುವುದೇಕೆ?

ಹೊಲದಲ್ಲಿ ಸಾಲಾಗಿ ಬಿದ್ದ ಒಣಹುಲ್ಲನ್ನು ಎತ್ತಿಕೊಂಡು, ಒತ್ತಿ, ಹುರಿಯಿಂದ ಬಿಗಿದು, ಪೆಂಡಿಗಳನ್ನಾಗಿ ಹೊರಹಾಕುವ ಯಂತ್ರವು ಅಮೆರಿಕದ ಬೇಸಾಯದಲ್ಲಿ 1940ರ ದಶಕದಿಂದ ಹರಡಿತು. ಪೆನ್ಸಿಲ್ವೇನಿಯದ ಎಡ್ವಿನ್ ನೋಲ್ಟ್ ಎಂಬಾತನ ರಚನೆಯನ್ನು ನ್ಯೂ ಹಾಲೆಂಡ್ ಸಂಸ್ಥೆಯು ಕೈಗೆತ್ತಿಕೊಂಡುದು ಈ ಪ್ರಸಾರಕ್ಕೆ ಮುಖ್ಯ ಕಾರಣ. ಅರ್ಧ ಶತಮಾನ ದಾಟಿದ ಇಂತಹ ಯಂತ್ರಗಳು ಅಲ್ಲಿಯ ಸಣ್ಣ ಹಿಡುವಳಿಗಳಲ್ಲಿ ಇಂದಿಗೂ ದುಡಿಯುತ್ತಿವೆ. ಕೊಯ್ದ ಹುಲ್ಲು ಒಣಗಿದ ಮೇಲೆ ಮಳೆಗೆ ಸಿಕ್ಕಿದರೆ ಅದರ ಸತ್ತ್ವ ಹೋಗುತ್ತದೆ. ಆದುದರಿಂದ ರೈತನಿಗೆ ದೊರೆಯುವುದು ಕೆಲವೇ ದಿನಗಳ ಬಿಸಿಲು. ಚಾಲಕದಂಡದ ಕೀಲು ಮುರಿಯುವುದು ಆ ದಿನಗಳಲ್ಲಿಯೇ. ಹೊಸ ಕೀಲು ಹಾಕಿದರೆ ಮರುವರ್ಷ ಅದೂ ಸವೆಯುತ್ತದೆ. ಯಂತ್ರಕ್ಕೆ ವಯಸ್ಸಾಯಿತೆಂದು ಕೈಬಿಡುವವರೇ ಹೆಚ್ಚು. ಆದರೆ ಮುರಿದ ಭಾಗವು ದೋಷವಿರುವ ಭಾಗವೇ ಆಗಿರಬೇಕೆಂಬ ನಿಯಮವಿಲ್ಲ.

ಟ್ರಾಕ್ಟರಿನ ಹಿಂಬದಿಯ ದಂಡವು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಆ ಚಲನೆ ಚಾಲಕದಂಡದ ಮೂಲಕ ಹಾದು, ಫ್ಲೈವೀಲ್ ಎಂಬ ಭಾರವಾದ ಚಕ್ರವನ್ನು ಸೇರಿ, ಗೇರ್‌ಪೆಟ್ಟಿಗೆಯಲ್ಲಿ ತಗ್ಗಿ, ಪ್ಲಂಜರನ್ನು ನಿಮಿಷಕ್ಕೆ ಸುಮಾರು 60ರಿಂದ 80 ಸಲ ಹಿಂದೆ ಮುಂದೆ ದೂಡುತ್ತದೆ. ಪ್ರತಿ ದೂಡಿನಲ್ಲಿಯೂ ಪ್ಲಂಜರಿನ ಅಲಗು ಹುಲ್ಲನ್ನು ಕತ್ತರಿಸಿ ಪೆಟ್ಟಿಗೆಯೊಳಗೆ ಅದುಮಬೇಕು. ಹೊರೆ ಹೀಗೆ ಏಟುಏಟಾಗಿ ಬರುತ್ತದೆ. ಆ ಏಟುಗಳನ್ನು ನುಂಗಿಕೊಳ್ಳಲೆಂದೇ ಫ್ಲೈವೀಲಿಗೆ ಅಷ್ಟೊಂದು ತೂಕ.

ಇನ್ನು ಕೀಲಿನ ವಿಚಾರ. ಎರಡು ಕವೆಗಳ ನಡುವೆ ಶಿಲುಬೆಯಾಕಾರದ ಒಂದು ತುಂಡು. ಅದರ ನಾಲ್ಕು ತುದಿಗಳಿಗೂ ಸೂಜಿಯಂತಹ ಉರುಳೆಗಳ ಬೇರಿಂಗು. ಈ ಕವೆಗೆ ಇಂಗ್ಲಿಷಿನಲ್ಲಿರುವ ‘ಯೋಕ್’ ಎಂಬ ಹೆಸರಿನ ಅರ್ಥ ನಮ್ಮ ನೊಗವೇ. ಸಂಸ್ಕೃತದ ‘ಯುಗ’ ಶಬ್ದವೂ ಅದೂ ಒಂದೇ ಮೂಲದವು. ಹದಿನೇಳನೆಯ ಶತಮಾನದ ವಿಜ್ಞಾನಿ ರಾಬರ್ಟ್ ಹೂಕನ ಹೆಸರು ಪಡೆದ ಈ ಕೀಲಿಗೆ ಒಂದು ಹುಟ್ಟುಗುಣವುಂಟು. ದಂಡವು ಬಾಗಿ ತಿರುಗುವಾಗ, ಒಳಬರುವ ವೇಗ ಸಮವಾಗಿದ್ದರೂ ಹೊರಹೋಗುವ ವೇಗ ಸಮವಾಗಿರದು. ಪ್ರತಿ ಸುತ್ತಿನಲ್ಲಿ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬಾಗು 10 ಅಂಶವಾದರೆ 540ರ ವೇಗವು 532ರಿಂದ 548ರವರೆಗೆ ಮಾತ್ರ ತೂಗುತ್ತದೆ. 30 ಅಂಶವಾದರೋ 468ಕ್ಕೆ ಇಳಿದು 624ರ ಸಮೀಪಕ್ಕೆ ಏರುತ್ತದೆ, ಅದೂ ಸೆಕೆಂಡಿಗೆ 18 ಸಲ. ಭಾರವಾದ ಫ್ಲೈವೀಲ್ ಈ ಕುಣಿತಕ್ಕೆ ಒಗ್ಗುವುದಿಲ್ಲ. ಅತ್ತ ಟ್ರಾಕ್ಟರ್, ಇತ್ತ ಫ್ಲೈವೀಲ್. ನಡುವೆ ನಲುಗುವುದು ಶಿಲುಬೆ.

ಇದಕ್ಕೆ ಪರಿಹಾರ ದಂಡದ ರಚನೆಯಲ್ಲಿಯೇ ಇದೆ. ಎರಡನೆಯ ಕೀಲು ಮೊದಲನೆಯದರಷ್ಟೇ ಬಾಗಿ, ನಡುದಂಡದ ಎರಡು ತುದಿಯ ಕವೆಗಳೂ ಒಂದೇ ಸಮತಲದಲ್ಲಿದ್ದರೆ, ಒಂದರ ಏರಿಳಿತವನ್ನು ಇನ್ನೊಂದು ಅಳಿಸಿಬಿಡುತ್ತದೆ. ಹಳೆಯ ಯಂತ್ರಗಳಲ್ಲಿ ಕೆಡುವುದು ಈ ಹೊಂದಿಕೆಯೇ. ಒಂದರೊಳಗೊಂದು ಜಾರುವ ದಂಡದ ಎರಡು ಭಾಗಗಳನ್ನು ಯಾವಾಗಲೋ ಬಿಚ್ಚಿದವರು ಒಂದು ಹಲ್ಲು ತಪ್ಪಿಸಿ ಕೂಡಿಸಿರುತ್ತಾರೆ. ಆಗ ಏರಿಳಿತ ಪೂರ್ತಿ ಅಳಿಯುವುದಿಲ್ಲ, ಹೆಚ್ಚು ತಪ್ಪಿದ್ದರೆ ಇಮ್ಮಡಿಯಾಗುವುದೂ ಉಂಟು. ಇನ್ನೊಂದು ಸಂಗತಿ ಕೊಂಡಿಯ ಸ್ಥಾನ. 540 ಸುತ್ತಿನ ದಂಡದ ತುದಿಯಿಂದ ಎಳೆಪಟ್ಟಿಯ ಕೊಂಡಿಯ ರಂಧ್ರಕ್ಕೆ 14 ಅಂಗುಲ ಇರಬೇಕೆಂಬುದು ಅಂಗೀಕೃತವಾದ ಅಳತೆ. ಕೊಂಡಿಯು ಎರಡು ಕೀಲುಗಳ ನಡುಮಧ್ಯದಲ್ಲಿದ್ದರೆ ತಿರುವಿನಲ್ಲಿ ಎರಡೂ ಸಮವಾಗಿ ಬಾಗುತ್ತವೆ. ಬೇರೆ ಉಪಕರಣಕ್ಕಾಗಿ ಎಳೆಪಟ್ಟಿಯನ್ನು ಒಳಕ್ಕೆ ತಳ್ಳಿ ಹಾಗೆಯೇ ಬಿಟ್ಟರೆ ಬಾಗೆಲ್ಲವೂ ಒಂದೇ ಕೀಲಿನ ಪಾಲಾಗುತ್ತದೆ. ವರ್ಷ ವರ್ಷವೂ ಮುಂದಿನ ಕೀಲೊಂದೇ ಹೋಗುತ್ತಿದ್ದರೆ ಮೊದಲು ಹಿಡಿಯಬೇಕಾದುದು ಅಳತೆಯ ಪಟ್ಟಿಯನ್ನು, ಸುತ್ತಿಗೆಯನ್ನಲ್ಲ.

ಬಿಚ್ಚಿ ತೆಗೆದ ಶಿಲುಬೆಯನ್ನು ಎಸೆಯುವ ಮೊದಲು ಓದಿ ನೋಡಬೇಕು. ತುದಿಗಳ ಮೇಲೆ ಸೂಜಿಗಳ ಅಚ್ಚು ಗೀರುಗೀರಾಗಿ ಮೂಡಿದ್ದರೆ ಅತಿಯಾದ ಹೊರೆ ಬಿದ್ದಿದೆ. ನೀಲಿಗಟ್ಟಿ ಸುಟ್ಟಂತಿದ್ದರೆ ಗ್ರೀಸು ಮುಟ್ಟಿಲ್ಲ. ಕಂಠವೇ ಥಟ್ಟನೆ ಮುರಿದಿದ್ದರೆ ಅದು ಒಂದೇ ಏಟಿನ ಫಲ. ಜಾರುವ ಭಾಗ ಒಣಗಿದ್ದರೆ ಹೊರೆಯಲ್ಲಿ ಅದು ಕಚ್ಚಿಕೊಂಡು, ತಿರುವಿನಲ್ಲಿ ಕುಗ್ಗಲಾರದೆ, ಮೂಕಿಯ ಮೇಲಿನ ಬೇರಿಂಗನ್ನೂ ಟ್ರಾಕ್ಟರಿನ ಒಳಗಿನ ಬೇರಿಂಗನ್ನೂ ಉದ್ದಕ್ಕೆ ಗುದ್ದುತ್ತದೆ. ಬೇರಿಂಗನ್ನು ಮಾತ್ರ ಬದಲಿಸಿದವನು ಮತ್ತೊಮ್ಮೆ ಬದಲಿಸಬೇಕಾಗುತ್ತದೆ.

ಹೊರೆ ಹೆಚ್ಚುವುದಕ್ಕೆ ಕಾರಣ ಹಲವು ವೇಳೆ ಯಂತ್ರದ ಇನ್ನೊಂದು ಕೊನೆಯಲ್ಲಿರುತ್ತದೆ. ಪೆಂಡಿಯ ಕತ್ತರಿಸಿದ ಮೈ ನುಣುಪಾಗಿರದೆ ಎಳೆಎಳೆಯಾಗಿ ಹರಿದಿದ್ದರೆ ಅಲಗು ಮೊಂಡಾಗಿದೆ, ಇಲ್ಲವೆ ಎರಡು ಅಲಗುಗಳ ನಡುವಿನ ಸಂದು ಅಗಲವಾಗಿದೆ. ಫ್ಲೈವೀಲ್ ತನ್ನ ದಂಡದ ಮೇಲೆ ಸಡಿಲವಾಗಿದ್ದರೆ ಪ್ರತಿ ದೂಡಿಗೂ ಒಂದು ಗುದ್ದು. ಮಳೆಗಾಳಿಯಲ್ಲಿ ನಿಂತ ಯಂತ್ರದ ಜಾರುವ ಕ್ಲಚ್ಚಿನ ಬಿಲ್ಲೆಗಳು ತುಕ್ಕಿನಿಂದ ಅಂಟಿಕೊಂಡು, ಜಾರಬೇಕಾದಾಗ ಜಾರುವುದಿಲ್ಲ. ತುಂಡಾಗಲೆಂದೇ ಇಟ್ಟ ಮೆತು ಬೋಲ್ಟು ಪದೇ ಪದೇ ತುಂಡಾಗುವುದೆಂದು ಬೇಸತ್ತು ಗಟ್ಟಿ ಉಕ್ಕಿನ ಬೋಲ್ಟು ಹಾಕುವುದು ಇವೆಲ್ಲಕ್ಕಿಂತ ಕೆಟ್ಟ ಉಪಾಯ. ಅಲ್ಪಬೆಲೆಯ ಬೋಲ್ಟನ್ನು ಉಳಿಸಲು ಗೇರ್‌ಪೆಟ್ಟಿಗೆಯನ್ನೇ ಪಣಕ್ಕಿಟ್ಟಂತೆ.

ಪರೀಕ್ಷೆಯೆಲ್ಲವೂ ಎಂಜಿನ್ ನಿಂತು, ಕೀಲಿಕೈ ತೆಗೆದು, ಫ್ಲೈವೀಲ್ ಸಂಪೂರ್ಣ ನಿಶ್ಚಲವಾದ ಮೇಲೆ ನಡೆಯತಕ್ಕದ್ದು. ಸೆಕೆಂಡಿಗೆ 9 ಸುತ್ತು ತಿರುಗುವ ದಂಡಕ್ಕೆ ತೋಳಿನ ಬಟ್ಟೆ ಸಿಕ್ಕಿದರೆ ಬಿಡಿಸಿಕೊಳ್ಳಲು ಮನುಷ್ಯನಿಗೆ ಕಾಲವೇ ಇರುವುದಿಲ್ಲ. ಹಳೆಯ ಯಂತ್ರಗಳಲ್ಲಿ ದಂಡದ ಹೊರಕವಚ ಕಳೆದುಹೋಗಿರುವುದು ಅಪರೂಪವಲ್ಲ, ಅದನ್ನು ಮೊದಲು ಹಾಕಿಸಬೇಕು. ಹೊಂದಿಕೆ ಸರಿಯಿರುವ ದಂಡವನ್ನು ಬಿಚ್ಚುವಾಗ ಎರಡು ಭಾಗಗಳ ಮೇಲೂ ಹಾಯುವಂತೆ ಬಣ್ಣದ ಗೆರೆಯೊಂದನ್ನು ಎಳೆದಿಟ್ಟರೆ, ಮರಳಿ ಜೋಡಿಸುವವನು ಯಾರೇ ಆಗಲಿ ಕವೆಗಳನ್ನು ಅದೇ ಸಮತಲದಲ್ಲಿ ಕೂಡಿಸಬಲ್ಲನು.